ಜನನ ದಾಖಲೆ ಎಂಬ ಸಾಕ್ಷ್ಯ: ಐರ್ಲೆಂಡಿನ ಕಡತಗಳು ಮತ್ತು ನಮ್ಮ ಚರಿತ್ರಬರಹ

1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಎಚ್. ಕಸಿನ್ಸ್ ಅವರು ತರುಣ ಕುವೆಂಪು ಅವರ ಇಂಗ್ಲಿಷ್ ಕವಿತೆಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯುವಂತೆ ಸೂಚಿಸಿದ ಪ್ರಸಂಗ ಕನ್ನಡ ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದು. ಕುವೆಂಪು ಅವರೇ ತಮ್ಮ ಆತ್ಮಕಥೆಯಲ್ಲಿ ಇದನ್ನು ದಾಖಲಿಸಿದ್ದಾರೆ. ಆದರೆ ಆ ಐರಿಷ್ ಕವಿಯ ಬಗ್ಗೆ ನಮ್ಮ ಗ್ರಂಥಗಳು ಹೇಳುವುದೇನು? ‘ಐರ್ಲೆಂಡಿನ ಕವಿ’, ‘ಥಿಯಾಸಫಿಸ್ಟ್’ ಎಂಬ ಎರಡು ವಿಶೇಷಣಗಳಲ್ಲಿ ಆತನ ಪೂರ್ವವೃತ್ತಾಂತ ಮುಗಿದುಹೋಗುತ್ತದೆ. ಹುಟ್ಟಿದ ಊರು, ತಂದೆಯ ವೃತ್ತಿ, ತಾಯಿಯ ತವರಿನ ಹೆಸರು, ಮನೆಯ ಧರ್ಮಪಂಥ ಇವುಗಳಲ್ಲಿ ಯಾವುದನ್ನಾದರೂ ಹೇಳಬೇಕಾಗಿ ಬಂದಾಗ ನಾವು ಮತ್ತೊಂದು ಪುಸ್ತಕದಿಂದ ಎತ್ತಿಕೊಳ್ಳುತ್ತೇವೆ. ಆ ಪುಸ್ತಕವು ಇನ್ನೊಂದರಿಂದ ಎತ್ತಿಕೊಂಡಿರುತ್ತದೆ. ಮೂಲ ದಾಖಲೆಯನ್ನು ಕೇಳಿ ತರಿಸಿಕೊಳ್ಳಬಹುದು ಎಂಬ ಆಲೋಚನೆಯೇ ನಮಗೆ ಬರುವುದಿಲ್ಲ.

ಐರ್ಲೆಂಡಿನ ಜನನ ದಾಖಲೆಗಳನ್ನು ಹೊರದೇಶದಿಂದ ತರಿಸಿಕೊಳ್ಳುವ ಕೆಲಸ ಅಮೆರಿಕ, ಆಸ್ಟ್ರೇಲಿಯಾ, ಕೆನಡಾಗಳಲ್ಲಿ ನೆಲೆಸಿರುವ ಐರಿಷ್ ಮೂಲದ ಕುಟುಂಬಗಳಿಗೆ ನಿತ್ಯದ ಸಂಗತಿ. ತಮ್ಮ ವಂಶದ ಮೂಲವನ್ನು ಅರಸುವ ಈ ಸಾಮಾನ್ಯ ಜನರು ದಾಖಲೆಯನ್ನು ಹುಡುಕುವುದರಲ್ಲಿ, ಓದುವುದರಲ್ಲಿ, ಸಂಶಯಿಸುವುದರಲ್ಲಿ ಒಂದು ಶಿಸ್ತನ್ನು ರೂಢಿಸಿಕೊಂಡಿದ್ದಾರೆ. ವೃತ್ತಿಯಿಂದ ಸಂಶೋಧಕರಾದ ನಮ್ಮಲ್ಲಿ ಆ ಶಿಸ್ತು ಸಡಿಲವಾಗಿದೆ ಎಂಬುದು ನನ್ನ ಅಭಿಪ್ರಾಯ. ಜನನ ದಾಖಲೆಯನ್ನು ಸತ್ಯವೆಂದು ನಂಬುವುದೂ ತಪ್ಪು, ಕ್ಷುಲ್ಲಕವೆಂದು ಕಡೆಗಣಿಸುವುದೂ ತಪ್ಪು. ಅದು ಒಂದು ಸಾಕ್ಷ್ಯ, ಸಾಕ್ಷ್ಯವೆಂದೇ ಅದನ್ನು ಓದಬೇಕು. ಪ್ರಸ್ತುತ ಬರಹದ ವಾದ ಇಷ್ಟೆ.

1

ಐರ್ಲೆಂಡಿನಲ್ಲಿ ಸರ್ಕಾರದ ವತಿಯಿಂದ ಎಲ್ಲ ಜನನ, ಮರಣ, ವಿವಾಹಗಳ ನೋಂದಣಿ ಆರಂಭವಾದದ್ದು 1864ರ ಜನವರಿ 1ರಂದು. ಕ್ಯಾಥೊಲಿಕೇತರ ವಿವಾಹಗಳ ನೋಂದಣಿ ಮಾತ್ರ ಅದಕ್ಕೂ ಮೊದಲೇ, 1845ರಲ್ಲಿ, ತೊಡಗಿತ್ತು. ಸಂಶೋಧಕನಿಗೆ 1864 ಒಂದು ಗಡಿರೇಖೆ. ಗೇಲಿಕ್ ಲೀಗಿನ ಸ್ಥಾಪಕರಲ್ಲೊಬ್ಬರೂ ಐರ್ಲೆಂಡಿನ ಮೊದಲ ಅಧ್ಯಕ್ಷರೂ ಆದ ಡಗ್ಲಸ್ ಹೈಡ್ ಹುಟ್ಟಿದ್ದು 1860ರಲ್ಲಿ. ಆತನಿಗೆ ಸರ್ಕಾರಿ ಜನನ ದಾಖಲೆ ಇಲ್ಲ. 1865ರಲ್ಲಿ ಹುಟ್ಟಿದ ಯೇಟ್ಸ್, 1873ರಲ್ಲಿ ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಜೇಮ್ಸ್ ಕಸಿನ್ಸ್, 1878ರಲ್ಲಿ ರಾಸ್ಕಾಮನ್ ಕೌಂಟಿಯ ಬಾಯ್ಲ್ ಪಟ್ಟಣದಲ್ಲಿ ಹುಟ್ಟಿದ ಮಾರ್ಗರೆಟ್ ಕಸಿನ್ಸ್ ಇವರೆಲ್ಲ ಗಡಿಯ ಈಚೆಗಿನವರು.

ಈ ದಾಖಲೆಯಲ್ಲಿ ಏನಿರುತ್ತದೆ? ಕ್ರಮಸಂಖ್ಯೆ, ಹುಟ್ಟಿದ ದಿನ ಮತ್ತು ಸ್ಥಳ, ಹೆಸರಿಟ್ಟಿದ್ದರೆ ಮಗುವಿನ ಹೆಸರು, ಲಿಂಗ, ತಂದೆಯ ಹೆಸರು ಮತ್ತು ವಾಸಸ್ಥಳ, ತಾಯಿಯ ಹೆಸರು ಹಾಗೂ ಮದುವೆಗೆ ಮುಂಚಿನ ಮನೆತನದ ಹೆಸರು, ತಂದೆಯ ಅಂತಸ್ತು ಅಥವಾ ವೃತ್ತಿ, ಮಾಹಿತಿ ನೀಡಿದವರ ಸಹಿ, ಅವರ ಅರ್ಹತೆ ಮತ್ತು ವಾಸಸ್ಥಳ, ನೋಂದಣಿಯ ದಿನಾಂಕ, ನೋಂದಣಾಧಿಕಾರಿಯ ಸಹಿ. ತಾಯಿಯ ತವರಿನ ಹೆಸರು ಇರುವುದರಿಂದ ಒಂದೇ ಹಾಳೆಯಿಂದ ಎರಡು ಮನೆತನಗಳ ದಾರಿ ತೆರೆಯುತ್ತದೆ. ಮಾಹಿತಿ ನೀಡಿದವರಿಗೆ ಅಕ್ಷರ ಬಾರದಿದ್ದರೆ ಸಹಿಯ ಜಾಗದಲ್ಲಿ ಒಂದು ಗುಣಾಕಾರದ ಗುರುತು ಮಾತ್ರ ಇರುತ್ತದೆ. ಆ ಗುರುತೂ ಸಾಮಾಜಿಕ ಚರಿತ್ರೆಯ ಆಕರವೇ.

1864ಕ್ಕೆ ಹಿಂದಿನ ಕಾಲಕ್ಕೆ ಚರ್ಚುಗಳ ದೀಕ್ಷಾಸ್ನಾನದ ಪುಸ್ತಕಗಳೇ ಗತಿ. ಅವು ಹೇಳುವುದು ದೀಕ್ಷಾಸ್ನಾನದ ದಿನವನ್ನು. ಹುಟ್ಟಿದ ದಿನವನ್ನು ಎಲ್ಲ ಪುಸ್ತಕಗಳೂ ಹೇಳುವುದಿಲ್ಲ. ಇದಕ್ಕೆ ಕರ್ನಾಟಕದ ಚರಿತ್ರೆಗೆ ಸೇರಿದ ವ್ಯಕ್ತಿಯೊಬ್ಬನೇ ಉದಾಹರಣೆ. 1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಅಲ್ಲಿಯ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ, ಎಂದರೆ ಮುಂದಿನ ಡ್ಯೂಕ್ ಆಫ್ ವೆಲಿಂಗ್ಟನ್, ತನ್ನ ಹುಟ್ಟುಹಬ್ಬವನ್ನು ಆಚರಿಸುತ್ತಿದ್ದುದು ಮೇ 1ರಂದು. ಡಬ್ಲಿನ್ನಿನ ಸೇಂಟ್ ಪೀಟರ್ಸ್ ಚರ್ಚಿನ ಪುಸ್ತಕವಾದರೋ ಆತನ ದೀಕ್ಷಾಸ್ನಾನ 1769ರ ಏಪ್ರಿಲ್ 30ರಂದೇ ನಡೆಯಿತೆಂದು ಹೇಳುತ್ತದೆ. ಹುಟ್ಟುವ ಮುನ್ನ ದೀಕ್ಷೆ ಸಾಧ್ಯವಿಲ್ಲವಾದ್ದರಿಂದ ಎರಡರಲ್ಲೊಂದು ತಪ್ಪು. ಹುಟ್ಟಿದ ಮನೆಯ ಬಗೆಗೂ ವಿವಾದವಿದೆ. ಸಾಲದೆಂಬಂತೆ, ಆ ಕುಟುಂಬದವರು ‘ವೆಸ್ಲಿ’ ಎಂಬ ಹೆಸರನ್ನು ‘ವೆಲ್ಲೆಸ್ಲಿ’ ಎಂದು ಬದಲಿಸಿಕೊಂಡದ್ದು 1798ರಲ್ಲಿ. ನಾವು ಬಲ್ಲ ಹೆಸರನ್ನಷ್ಟೇ ಹಿಡಿದು 1769ರ ಪುಸ್ತಕದಲ್ಲಿ ಹುಡುಕುವವನಿಗೆ ಆತ ದಕ್ಕುವುದಿಲ್ಲ. ಯುರೋಪಿನ ಚರಿತ್ರೆಯನ್ನೇ ತಿರುಗಿಸಿದ ಸೇನಾನಿಯ ಹುಟ್ಟೇ ಇಷ್ಟು ಅನಿಶ್ಚಿತವಾಗಿರುವಾಗ ಸಾಮಾನ್ಯ ಗೇಣಿದಾರನ ಮಗನ ಪಾಡೇನು?

2

ಐರ್ಲೆಂಡಿನ ಸಂದರ್ಭದಲ್ಲಿ ಜನನ ದಾಖಲೆಗೆ ಬೇರೆಡೆಗಿಂತ ಹೆಚ್ಚಿನ ತೂಕ ಬರಲು ಒಂದು ದುರಂತ ಕಾರಣ. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದ ದಿನಗಳಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಭಂಡಾರ ಸ್ಫೋಟ ಮತ್ತು ಬೆಂಕಿಗೆ ಆಹುತಿಯಾಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಬಹುಪಾಲು ಹಾಳೆಗಳು ಅಲ್ಲಿ ಸುಟ್ಟುಹೋದವು. ಪ್ರಾಟೆಸ್ಟಂಟ್ ಪಂಥದ ಚರ್ಚ್ ಆಫ್ ಐರ್ಲೆಂಡಿನ ಪುಸ್ತಕಗಳಲ್ಲಿ ಅರ್ಧಕ್ಕೂ ಹೆಚ್ಚು ನಾಶವಾದವು. 1861 ಮತ್ತು 1871ರ ಗಣತಿಯ ಹಾಳೆಗಳನ್ನು ಸರ್ಕಾರವೇ ಉಳಿಸಿಕೊಂಡಿರಲಿಲ್ಲ. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ತಿರುಳಾದವು. ಹೀಗಾಗಿ ಇಡಿಯಾಗಿ ಉಳಿದ ಮೊದಲ ಗಣತಿ 1901ರದು.

1841ರಲ್ಲಿ 81 ಲಕ್ಷಕ್ಕೂ ಮಿಕ್ಕಿದ್ದ ಜನಸಂಖ್ಯೆ ಮಹಾಕ್ಷಾಮದ ಬಳಿಕ, 1851ರಲ್ಲಿ, ಸುಮಾರು 65 ಲಕ್ಷಕ್ಕೆ ಕುಸಿದ ನಾಡು ಅದು. ಸತ್ತವರು, ಹಡಗು ಹತ್ತಿದವರು ಯಾರೆಂದು ಮನೆಮನೆಯ ಲೆಕ್ಕದಲ್ಲಿ ಹೇಳಬಹುದಾಗಿದ್ದ ಗಣತಿಯ ಹಾಳೆಗಳೇ ಇಲ್ಲವಾದಾಗ ವಂಶಜರಿಗೆ ಉಳಿಯುವುದು ಚರ್ಚಿನ ಪುಸ್ತಕ ಮತ್ತು 1864ರ ನಂತರದ ಜನನ, ವಿವಾಹ, ಮರಣಗಳ ಕಡತ. ಅದೃಷ್ಟವಶಾತ್ ಈ ಕಡತಗಳು ಸುಟ್ಟ ಕಟ್ಟಡದಲ್ಲಿರಲಿಲ್ಲ. ಕ್ಯಾಥೊಲಿಕ್ ಪ್ಯಾರಿಷ್‌ಗಳ ಪುಸ್ತಕಗಳೂ ಆಯಾ ಊರುಗಳಲ್ಲೇ ಇದ್ದುದರಿಂದ ಉಳಿದುಕೊಂಡವು. ಅವುಗಳ ಮೈಕ್ರೋಫಿಲ್ಮ್ ಪ್ರತಿಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು 2015ರಲ್ಲಿ ಅಂತರಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ.

3

ಇನ್ನು ದಾಖಲೆಯನ್ನು ತರಿಸಿಕೊಳ್ಳುವ ಬಗೆ. ಇಲ್ಲಿ ಮೊದಲು ತಿಳಿದಿರಬೇಕಾದುದು ರಾಜಕೀಯ ಭೂಗೋಳ. ದೇಶವಿಭಜನೆಗೆ ಮುಂಚಿನ ಕಾಲಕ್ಕೆ ಇಡೀ ದ್ವೀಪದ ಕಡತಗಳು ಐರ್ಲೆಂಡ್ ಗಣರಾಜ್ಯದ ಜನರಲ್ ರಿಜಿಸ್ಟರ್ ಆಫೀಸಿನಲ್ಲಿವೆ. ಇದರ ಮುಖ್ಯ ಕಚೇರಿ ಇಂದು ಇರುವುದು ರಾಸ್ಕಾಮನ್ ಪಟ್ಟಣದಲ್ಲಿ. 1922ರ ಬಳಿಕ ಉತ್ತರದ ಆರು ಕೌಂಟಿಗಳಿಗೆ ಬೆಲ್‌ಫಾಸ್ಟಿನಲ್ಲಿ ಪ್ರತ್ಯೇಕ ಕಚೇರಿ ಇದೆ. ಆ ಆರು ಕೌಂಟಿಗಳ 1864ರ ನಂತರದ ಜನನಗಳ ಕಡತವೂ ಅಲ್ಲಿ ಲಭ್ಯ. ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಜೇಮ್ಸ್ ಕಸಿನ್ಸ್ ಅವರನ್ನು ಎರಡೂ ಕಡೆ ಹುಡುಕಬಹುದು. ಬಾಯ್ಲ್‌ನಲ್ಲಿ ಹುಟ್ಟಿದ ಮಾರ್ಗರೆಟ್ ಅವರನ್ನು ಗಣರಾಜ್ಯದ ಕಡತದಲ್ಲಿಯೇ ಹುಡುಕಬೇಕು.

ಎರಡನೆಯದಾಗಿ, ನೋಂದಣಿಯ ವಲಯ. ನಾವು ಸಾಮಾನ್ಯವಾಗಿ ‘ರಾಸ್ಕಾಮನ್ ಕೌಂಟಿ’ ಎಂದು ಕೇಳುತ್ತೇವೆ. ಆದರೆ ನೋಂದಣಿಯ ವಲಯಗಳನ್ನು ರೂಪಿಸಿದ್ದು ಕೌಂಟಿಯ ಗಡಿಯನ್ನನುಸರಿಸಿ ಅಲ್ಲ. ಬಡವರ ಪರಿಹಾರಕ್ಕೆಂದು ಹಿಂದೆಯೇ ಏರ್ಪಟ್ಟಿದ್ದ ‘ಪೂರ್ ಲಾ ಯೂನಿಯನ್’ಗಳ ಗಡಿಯನ್ನನುಸರಿಸಿ. ಬಾಯ್ಲ್ ವಲಯಕ್ಕೆ ರಾಸ್ಕಾಮನ್ ಕೌಂಟಿಯ ಊರುಗಳ ಜೊತೆಗೆ ನೆರೆಯ ಸ್ಲೈಗೊ ಕೌಂಟಿಯ ಕೆಲವು ಊರುಗಳೂ ಸೇರಿದ್ದವು. ಕೌಂಟಿಯ ಹೆಸರನ್ನೇ ನೆಚ್ಚಿಕೊಂಡವನು ಸರಿಯಾದ ದಾಖಲೆಯನ್ನು ಕಣ್ಣೆದುರಿಗಿದ್ದರೂ ಕೈಬಿಡಬಹುದು. ಅದಕ್ಕಿಂತ ಕೆಳಗಿನ ಘಟಕ ‘ಟೌನ್‌ಲ್ಯಾಂಡ್’. ದ್ವೀಪದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಟೌನ್‌ಲ್ಯಾಂಡುಗಳಿವೆ. ಒಂದೇ ಹೆಸರಿನವು ಹಲವೆಡೆ ಇವೆ. ವಲಸೆ ಹೋದ ಅಜ್ಜ ಹೇಳಿದ ಊರಿನ ಹೆಸರು ಇದೇ ಘಟಕದ್ದಾಗಿರುವ ಸಂಭವ ಹೆಚ್ಚು.

ಮೂರನೆಯದು ಹೆಸರು. ‘ಮಾರ್ಗರೆಟ್ ಕಸಿನ್ಸ್’ ಎಂಬ ಹೆಸರಿನಲ್ಲಿ 1878ರ ಜನನವನ್ನು ಹುಡುಕಿದರೆ ಫಲವಿಲ್ಲ. 1903ರಲ್ಲಿ ಮದುವೆಯಾಗುವವರೆಗೆ ಆಕೆ ಗಿಲೆಸ್ಪಿ. ಆತ್ಮೀಯರು ಕರೆಯುತ್ತಿದ್ದ ‘ಗ್ರೆಟ್ಟಾ’ ಎಂಬ ಹೆಸರಿನಲ್ಲಿ ಹುಡುಕಿದರೂ ಪ್ರಯೋಜನವಾಗಲಾರದು. ಗಿಲೆಸ್ಪಿ ಎಂಬುದೂ ಮೂಲತಃ ‘ಮ್ಯಾಕ್ ಗಿಯೊಲ್ಲಾ ಎಸ್‌ಪಿಗ್’ ಎಂಬ ಗೇಲಿಕ್ ಹೆಸರಿನ ಇಂಗ್ಲಿಷ್ ರೂಪವಾಗಿ ಪ್ರಚಲಿತವಾದದ್ದು. ಇಂತಹ ಹೆಸರುಗಳಿಗೆ ಕಾಗುಣಿತ ಒಂದೇ ಬಗೆಯಲ್ಲಿರುವುದಿಲ್ಲ. ‘ಓ’ ಮತ್ತು ‘ಮ್ಯಾಕ್’ ಎಂಬ ಪೂರ್ವಪದಗಳನ್ನು ಒಂದು ತಲೆಮಾರು ಕೈಬಿಟ್ಟು ಮುಂದಿನ ತಲೆಮಾರು ಮತ್ತೆ ಹಚ್ಚಿಕೊಂಡದ್ದುಂಟು. ಚರ್ಚಿನ ಪುಸ್ತಕವು ಲ್ಯಾಟಿನ್ನಿನಲ್ಲಿದ್ದರೆ ಜೇಮ್ಸ್ ಎಂಬವನು ‘ಜಾಕೋಬಸ್’ ಆಗಿರುತ್ತಾನೆ.

ಈ ಪೂರ್ವಸಿದ್ಧತೆಯ ನಂತರ ಉಳಿದದ್ದು ಸುಲಭ. ಹಿಂದೆ ಹೊರದೇಶದವರು ಅಂಚೆಯಲ್ಲೋ ಫ್ಯಾಕ್ಸ್‌ನಲ್ಲೋ ಅರ್ಜಿ ಕಳುಹಿಸಿ, ಹಣ ಸಂದಾಯ ಮಾಡಿ, ವಾರಗಟ್ಟಲೆ ಕಾಯಬೇಕಿತ್ತು. 2016ರ ಸೆಪ್ಟೆಂಬರಿನಿಂದ ‘ಐರಿಷ್‌ಜೀನಿಯಾಲಜಿ’ ಎಂಬ ಸರ್ಕಾರಿ ತಾಣದಲ್ಲಿ ನೂರು ವರ್ಷ ದಾಟಿದ ಜನನ ದಾಖಲೆಗಳ, ಎಪ್ಪತ್ತೈದು ವರ್ಷ ದಾಟಿದ ವಿವಾಹ ದಾಖಲೆಗಳ ಹಾಗೂ ಐವತ್ತು ವರ್ಷ ದಾಟಿದ ಮರಣ ದಾಖಲೆಗಳ ಮೂಲಪುಟಗಳ ಚಿತ್ರಗಳನ್ನು ಉಚಿತವಾಗಿ ನೋಡಬಹುದಾಗಿದೆ. ಜನನದ ಪುಟಗಳು ಆರಂಭದಿಂದಲೂ ಇವೆ. ನೂರು ವರ್ಷಕ್ಕೆ ಈಚಿನ ದಾಖಲೆ ಬೇಕಾದರೆ ಮಾತ್ರ ಅಂತರಜಾಲದ ಅಥವಾ ಅಂಚೆಯ ಮೂಲಕ ಅರ್ಜಿ ಸಲ್ಲಿಸಬೇಕು. ಹೆಸರು, ವರ್ಷ, ವಲಯ, ಸಂಪುಟ, ಪುಟಸಂಖ್ಯೆ ಇಷ್ಟನ್ನು ಸೂಚಿಯಿಂದ ಬರೆದುಕೊಟ್ಟರೆ ಹುಡುಕಾಟ ತಪ್ಪುತ್ತದೆ.

ಇಲ್ಲೊಂದು ವಿವೇಕ ಅಗತ್ಯ. ಪ್ರಮಾಣೀಕೃತ ಪತ್ರಕ್ಕೆ 20 ಯೂರೋ ಶುಲ್ಕವಿದೆ. ಸಂಶೋಧನೆಯ ಉದ್ದೇಶದ ಪ್ರತಿ ಇದಕ್ಕಿಂತ ತೀರ ಅಗ್ಗ. ಐರ್ಲೆಂಡ್ ದ್ವೀಪದಲ್ಲಿ ಹುಟ್ಟಿದ ಅಜ್ಜ ಅಥವಾ ಅಜ್ಜಿಯ ಆಧಾರದ ಮೇಲೆ ವಿದೇಶಿ ಜನನಗಳ ಪುಸ್ತಕದಲ್ಲಿ ಹೆಸರು ದಾಖಲಿಸಿ ಐರಿಷ್ ಪೌರತ್ವ ಪಡೆಯಬಯಸುವವರಿಗೆ ಪ್ರಮಾಣೀಕೃತ ಪತ್ರವೇ ಬೇಕು. ಸಂಶೋಧಕನಿಗೆ ಅದು ಬೇಕಿಲ್ಲ. ಸಾಮಾನ್ಯವಾಗಿ ಇಂದು ಕಂಪ್ಯೂಟರಿನಿಂದ ಮುದ್ರಿತವಾಗಿ ಬರುವ ಪತ್ರದಲ್ಲಿ ಮೂಲದ ಕೈಬರಹವಿಲ್ಲ, ಹೊಡೆದುಹಾಕಿದ ಅಕ್ಷರವಿಲ್ಲ, ಅಂಚಿನ ಟಿಪ್ಪಣಿಯಿಲ್ಲ; ನಡುವೆ ನಕಲುಗಾರನ ಕಣ್ಣೊಂದು ಬಂದಿದೆ. ಹಸ್ತಪ್ರತಿ ಮತ್ತು ಅದರ ಮುದ್ರಿತ ಪಾಠಗಳ ನಡುವಿನ ಅಂತರವನ್ನು ಬಲ್ಲ ಕನ್ನಡ ಗ್ರಂಥಸಂಪಾದನೆಯ ವಿದ್ಯಾರ್ಥಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಮುದ್ರೆ ಬಿದ್ದ ಪತ್ರಕ್ಕಿಂತ ಮುದ್ರೆಯಿಲ್ಲದ ಮೂಲಪುಟದ ಚಿತ್ರವೇ ನಮಗೆ ಹೆಚ್ಚು ಪ್ರಮಾಣ.

4

ದಾಖಲೆ ಕೈಗೆ ಬಂದ ಮಾತ್ರಕ್ಕೆ ಸತ್ಯ ಕೈಗೆ ಬಂತೆಂದು ತಿಳಿಯಬಾರದು. ಜೇಮ್ಸ್ ಜಾಯ್ಸ್ 1882ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದಾಗ ಆತನ ನಡುಹೆಸರು ‘ಅಗಸ್ಟೀನ್’ ಎಂದಾಗಬೇಕಿದ್ದುದು ನೋಂದಣಿಯಲ್ಲಿ ‘ಅಗಸ್ಟಾ’ ಎಂಬ ಹೆಣ್ಣು ಹೆಸರಾಗಿ ಬಿದ್ದಿದೆ. ಇಪ್ಪತ್ತನೆಯ ಶತಮಾನದ ಪ್ರಮುಖ ಕಾದಂಬರಿಕಾರನ ಹೆಸರನ್ನೇ ಸರ್ಕಾರಿ ಕಡತ ತಪ್ಪಾಗಿ ಬರೆದುಕೊಂಡಿತು. ಇದೇ ಜಾಯ್ಸ್ 1904ರ ಜೂನ್ ತಿಂಗಳಲ್ಲಿ ಕೆಲವು ದಿನ ಕಸಿನ್ಸ್ ದಂಪತಿಗಳ ಮನೆಯಲ್ಲಿ ತಂಗಿದ್ದನೆಂಬುದನ್ನೂ ಕನ್ನಡದ ಓದುಗರು ಗಮನಿಸಬಹುದು.

ದಿನಾಂಕಗಳ ವಿಷಯವೂ ಹೀಗೆಯೇ. ನಿಗದಿತ ಅವಧಿ ಮೀರಿ ನೋಂದಾಯಿಸಿದರೆ ದಂಡ ತೆರಬೇಕಾಗಿತ್ತು. ಆದ್ದರಿಂದ ತಡವಾಗಿ ಬಂದವರು ಹುಟ್ಟಿದ ದಿನವನ್ನೇ ಮುಂದಕ್ಕೆ ಸರಿಸಿ ಹೇಳಿದ್ದುಂಟು. ಚರ್ಚಿನ ಪುಸ್ತಕದಲ್ಲಿ ದೀಕ್ಷಾಸ್ನಾನದ ದಿನ ಮೊದಲು, ಸರ್ಕಾರಿ ಕಡತದಲ್ಲಿ ಹುಟ್ಟಿದ ದಿನ ಅನಂತರ ಎಂಬ ವಿಚಿತ್ರ ಕಂಡುಬರುವುದು ಈ ಕಾರಣದಿಂದ. ಆರಂಭದ ದಶಕಗಳಲ್ಲಿ ನೋಂದಣಿಯಾಗದೆ ಉಳಿದ ಜನನಗಳೂ ಇವೆ. ಮಾಹಿತಿ ನೀಡಿದವರು ತಂದೆತಾಯಿಯರೇ ಆಗಬೇಕೆಂದಿಲ್ಲ. ಹೆರಿಗೆಯ ಸಮಯದಲ್ಲಿ ಜೊತೆಗಿದ್ದ ನೆರೆಯವಳೂ ಆಗಿರಬಹುದು. ಆದ್ದರಿಂದ ‘ಯಾವಾಗ ಹುಟ್ಟಿದರು’ ಎಂಬ ಅಂಕಣದಷ್ಟೇ ಗಮನವನ್ನು ‘ಯಾರು ಹೇಳಿದರು’, ‘ಎಷ್ಟು ದಿನಗಳ ಮೇಲೆ ಹೇಳಿದರು’ ಎಂಬ ಅಂಕಣಗಳಿಗೂ ಕೊಡಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಭಾಷೆಯ ಪ್ರಶ್ನೆ. ಹತ್ತೊಂಬತ್ತನೆಯ ಶತಮಾನದ ಈ ಕಡತಗಳು ಇಂಗ್ಲಿಷಿನವು. ಪಶ್ಚಿಮದ ಕೌಂಟಿಗಳಲ್ಲಿ ಗೇಲಿಕ್ ಮಾತನಾಡುವ ತಾಯಿ ತನ್ನ ಮಗುವಿನ ಹೆಸರನ್ನು ಒಂದು ಭಾಷೆಯಲ್ಲಿ ಹೇಳಿದಳು. ಅದು ಬೇರೊಂದು ಭಾಷೆಯಲ್ಲಿ ಬರೆಹಕ್ಕಿಳಿಯಿತು. ಮನೆಯಲ್ಲಿ ಕರೆದ ಹೆಸರು ಕಾಗದದಲ್ಲಿಲ್ಲ, ಕಾಗದದ ಹೆಸರಿನಿಂದ ಮನೆಯಲ್ಲಿ ಯಾರೂ ಕರೆಯಲಿಲ್ಲ. ಇಂತಹ ನಾಡಿನಿಂದ ಬಂದ ಕವಿಯೊಬ್ಬರು ಮೈಸೂರಿನ ತರುಣನಿಗೆ ‘ನಿಮ್ಮ ಭಾಷೆಯಲ್ಲಿ ಬರೆಯಿರಿ’ ಎಂದಾಗ ಆ ಮಾತಿನ ಹಿಂದೆ ಒಂದು ಸಮುದಾಯದ ಭಾಷಾನಷ್ಟದ ಅನುಭವವಿತ್ತೆಂದು ಊಹಿಸಲು ಅವಕಾಶವಿದೆ. ಆದರೆ ಊಹೆ ಊಹೆಯೇ. ಬೆಲ್‌ಫಾಸ್ಟಿನ ಪ್ರಾಟೆಸ್ಟಂಟ್ ಮನೆಯೊಂದರಲ್ಲಿ ಹುಟ್ಟಿದ ಕಸಿನ್ಸ್ ಅವರಿಗೆ ಗೇಲಿಕ್ ಮನೆಮಾತಾಗಿರಲಿಲ್ಲ. ಅದರತ್ತ ಒಲವು ಬೆಳೆದದ್ದು ಐರಿಷ್ ಸಾಹಿತ್ಯ ಪುನರುಜ್ಜೀವನದ ಪರಿಸರದಲ್ಲಿ. ‘ಐರಿಷ್ ಕವಿ’ ಎಂಬ ಒಂದೇ ಮಾತಿನಲ್ಲಿ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಜನನ ದಾಖಲೆಯಂತಹ ಒಣ ಕಾಗದ ನಮ್ಮನ್ನು ಇಂತಹ ಪ್ರಶ್ನೆಗಳತ್ತ ಒಯ್ಯಬಲ್ಲದು.

ಕೃತಿಯ ಅರ್ಥಕ್ಕೆ ಕರ್ತೃವಿನ ಜನನ ಪತ್ರ ಏಕೆ ಬೇಕು ಎಂಬ ಆಕ್ಷೇಪ ಇಲ್ಲಿ ಬರಬಹುದು. ಕೃತಿನಿಷ್ಠ ವಿಮರ್ಶೆಯ ಮಟ್ಟಿಗೆ ಈ ಆಕ್ಷೇಪವನ್ನು ಒಪ್ಪಬಹುದು. ಆದರೆ ನಾವು ಚರಿತ್ರೆಯನ್ನು ಬರೆಯುವುದನ್ನು ನಿಲ್ಲಿಸಿಲ್ಲ. ಜೀವನಚರಿತ್ರೆ, ಸಾಹಿತ್ಯಚರಿತ್ರೆ, ಶತಮಾನ ಸಂಪುಟಗಳು ಬರುತ್ತಲೇ ಇವೆ. ಬರೆಯುವುದಾದರೆ ಆಧಾರಸಹಿತವಾಗಿ ಬರೆಯಬೇಕು.

5

ದಾಖಲೆಯನ್ನು ತೆರೆದಿಡುವುದು ಎಷ್ಟು ಮುಖ್ಯವೆಂಬುದನ್ನು ಅರಿಯಬೇಕಾದರೆ ಅದನ್ನು ಮುಚ್ಚಿಟ್ಟಾಗ ಏನಾಯಿತೆಂಬುದನ್ನು ನೋಡಬೇಕು. ಐರ್ಲೆಂಡಿನಲ್ಲಿ ಅವಿವಾಹಿತ ತಾಯಂದಿರ ಮಕ್ಕಳನ್ನು ದತ್ತು ನೀಡುವ ಪದ್ಧತಿ 1952ರ ಕಾಯಿದೆಯಿಂದ ಕಾನೂನುಬದ್ಧವಾಯಿತು. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು 1940ರ ದಶಕದಿಂದ 1970ರ ದಶಕದವರೆಗೆ ಅಮೆರಿಕಕ್ಕೆ ಕಳುಹಿಸಲ್ಪಟ್ಟರು. ಬೆಳೆದು ದೊಡ್ಡವರಾದ ಮೇಲೆ ತಮ್ಮ ತಾಯಿ ಯಾರೆಂದು ತಿಳಿಯಬಯಸಿದ ಇವರು ಹೊರದೇಶದಿಂದ ಬರೆದ ಪತ್ರಗಳಿಗೆ ಉತ್ತರ ಸಿಗುವ ಭರವಸೆ ಇರಲಿಲ್ಲ. ತಮ್ಮ ಮೂಲ ಜನನ ದಾಖಲೆಯನ್ನು ಪಡೆಯುವ ಹಕ್ಕೇ ದತ್ತುಮಕ್ಕಳಿಗಿರಲಿಲ್ಲ. ಇನ್ನೂ ಕೆಲವರ ಪಾಲಿಗೆ ಮೂಲ ದಾಖಲೆಯೇ ಸುಳ್ಳು: ಸಾಕಿದವರನ್ನೇ ಹೆತ್ತವರೆಂದು ಬರೆಸಲಾಗಿತ್ತು. 1946ರಿಂದ 1969ರವರೆಗಿನ ಇಂತಹ 126 ಪ್ರಕರಣಗಳನ್ನು ಐರ್ಲೆಂಡ್ ಸರ್ಕಾರ 2018ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು. 2022ರ ಜನನ ಮಾಹಿತಿ ಮತ್ತು ಶೋಧ ಕಾಯಿದೆ ಆ ವರ್ಷದ ಅಕ್ಟೋಬರಿನಲ್ಲಿ ಜಾರಿಗೆ ಬಂದ ನಂತರವೇ ದತ್ತುಹೋದವರಿಗೆ ತಮ್ಮ ಜನನ ಪತ್ರದ ಮೇಲೆ ಹಕ್ಕು ಲಭಿಸಿದ್ದು.

ಈ ವೈಪರೀತ್ಯ ಯೋಚಿಸತಕ್ಕದ್ದು. 2016ರಿಂದ 2022ರವರೆಗಿನ ಆರು ವರ್ಷಗಳಲ್ಲಿ ಜಗತ್ತಿನ ಯಾವ ಮೂಲೆಯ ಸಂಶೋಧಕನಾದರೂ ಸತ್ತ ಕವಿಯೊಬ್ಬನ ಜನನ ದಾಖಲೆಯನ್ನು ಕುಳಿತಲ್ಲಿಯೇ ಉಚಿತವಾಗಿ ನೋಡಬಹುದಿತ್ತು. ಬದುಕಿದ್ದ ದತ್ತುಮಕ್ಕಳು ತಮ್ಮದನ್ನೇ ಹಕ್ಕಿನಿಂದ ಕೇಳುವಂತಿರಲಿಲ್ಲ. ಮುಚ್ಚುವುದಕ್ಕೆ ಕೊಡುತ್ತಿದ್ದ ಕಾರಣ ತಾಯಂದಿರ ಖಾಸಗಿತನ. ಅದು ಸುಳ್ಳು ಕಾರಣವಲ್ಲ. ನೂರು ವರ್ಷದ ಮಿತಿಯೂ ಖಾಸಗಿತನದ ರಕ್ಷಣೆಗಾಗಿಯೇ ಇರುವುದು. ಆ ಮಿತಿ ನ್ಯಾಯವಾದುದೆಂದೇ ನಾನು ಭಾವಿಸುತ್ತೇನೆ. ಆದರೆ ಅಪರಿಚಿತನ ಕುತೂಹಲವನ್ನು ತಡೆಯುವುದು ಬೇರೆ, ಮಗುವಿನ ಪ್ರಶ್ನೆಯನ್ನು ತಡೆಯುವುದು ಬೇರೆ. ಈ ವಿವೇಕವನ್ನು ಕಾನೂನು ಕಂಡುಕೊಳ್ಳಲು ಎಪ್ಪತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಎಷ್ಟೋ ತಾಯಂದಿರು ತೀರಿಹೋಗಿದ್ದರು.

6

ಕನ್ನಡ ಸಂಶೋಧನೆಗೆ ದಾಖಲೆನಿಷ್ಠೆ ಹೊಸದಲ್ಲ. ಪಂಪನ ಕಾವ್ಯದಲ್ಲಿ ಬರುವ ದುಂದುಭಿ ಸಂವತ್ಸರವನ್ನು ಹಿಡಿದು ಆತನ ಜನನವನ್ನು ಕ್ರಿ.ಶ. 902ಕ್ಕೆ ನಿಲ್ಲಿಸಿದ ವಿದ್ವತ್ಪರಂಪರೆ ನಮ್ಮದು. ಶಾಸನದ ಒಂದು ಅಕ್ಷರಕ್ಕಾಗಿ ದಶಕಗಟ್ಟಲೆ ವಾದಿಸಿದವರ ಶಿಷ್ಯರು ನಾವು. ಹತ್ತನೆಯ ಶತಮಾನದ ಕವಿಗೆ ತೋರಿದ ಆ ಎಚ್ಚರವನ್ನು ಇಪ್ಪತ್ತನೆಯ ಶತಮಾನದವರ ವಿಷಯದಲ್ಲಿ ಕೈಬಿಟ್ಟಿದ್ದೇವೆ. ಹತ್ತಿರದ ಕಾಲ ತಾನಾಗಿಯೇ ತಿಳಿದಿರುತ್ತದೆ ಎಂಬ ಭ್ರಮೆ ಇದಕ್ಕೆ ಕಾರಣ.

ಐರ್ಲೆಂಡಿನ ಕಡತಗಳ ಮಟ್ಟಿಗೆ ನಮಗೆ ಮಾಡಲು ನಿಶ್ಚಿತವಾದ ಕೆಲಸಗಳಿವೆ. ಕಸಿನ್ಸ್ ದಂಪತಿಗಳು ಅವುಗಳಲ್ಲಿ ಮೊದಲಿಗರು. ಕುವೆಂಪು ಪ್ರಸಂಗದ ಹೊರತಾಗಿಯೂ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯ ಏರ್ಪಾಡಿನಲ್ಲಿ ಜೇಮ್ಸ್ ಅವರ ಪಾತ್ರವಿದೆ; ಮಾರ್ಗರೆಟ್ ಅವರು ಭಾರತದ ಮಹಿಳಾ ಸಂಘಟನೆಗಳ ಚರಿತ್ರೆಗೆ ಸೇರಿದವರು. ಇಬ್ಬರೂ ಸೇರಿ ಬರೆದ ಆತ್ಮಕಥೆ 1950ರಲ್ಲಿ ಪ್ರಕಟವಾಗಿದೆ. ಅದನ್ನು ಮೂಲ ದಾಖಲೆಗಳೊಂದಿಗೆ ಹೋಲಿಸಿ ನೋಡುವ ಕೆಲಸಕ್ಕೆ ಒಂದು ಕಂಪ್ಯೂಟರು, ಒಂದಿಷ್ಟು ತಾಳ್ಮೆ ಸಾಕು. ಎರಡನೆಯದಾಗಿ, ಬೆಂಗಳೂರು ದಂಡಿನಲ್ಲಿದ್ದ ಐರಿಷ್ ಸೈನಿಕರ ಕುಟುಂಬಗಳು. ಸೈನಿಕ ಹುಟ್ಟಿದ್ದು ಐರ್ಲೆಂಡಿನಲ್ಲಾದರೆ ಆತನ ದಾಖಲೆ ಅಲ್ಲಿಯ ಕಡತದಲ್ಲಿ. ಬೆಂಗಳೂರಿನಲ್ಲಿ ಹುಟ್ಟಿದ ಆತನ ಮಕ್ಕಳ ದೀಕ್ಷಾಸ್ನಾನದ ದಾಖಲೆಯನ್ನು ಹುಡುಕಬೇಕಾದುದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಮದರಾಸು ಪ್ರಾಂತದ ಚರ್ಚ್ ವರದಿಗಳಲ್ಲಿ. ಅಲ್ಲಿಯ ವಂಶಜರು ಇಲ್ಲಿಯ ಸಮಾಧಿಗಳನ್ನು ಹುಡುಕಿಕೊಂಡು ಬರುವಾಗ ನಾವು ಅವರಿಗೆ ನೆರವಾಗುವಂತಿರಬೇಕು.

ಇದಕ್ಕಾಗಿ ನನ್ನ ಸಲಹೆಗಳು ಮೂರು. ಪಿಎಚ್.ಡಿ. ವಿದ್ಯಾರ್ಥಿಗಳ ಸಂಶೋಧನ ವಿಧಾನದ ಪತ್ರಿಕೆಯಲ್ಲಿ ಶಾಸನ, ಹಸ್ತಪ್ರತಿಗಳ ಜೊತೆಗೆ ನಾಗರಿಕ ನೋಂದಣಿ ಮತ್ತು ಚರ್ಚ್ ಪುಸ್ತಕಗಳ ಓದನ್ನೂ ಒಂದು ಘಟಕವಾಗಿ ಸೇರಿಸಬೇಕು. ವ್ಯಕ್ತಿಚರಿತ್ರೆಯನ್ನು ವಿಷಯವಾಗಿ ಆಯ್ದುಕೊಂಡ ಪ್ರಬಂಧಗಳಲ್ಲಿ ಹುಟ್ಟು, ಸಾವು, ಮದುವೆಗಳ ದಿನಾಂಕಗಳಿಗೆ ಆಧಾರವೇನೆಂದು ಸ್ಪಷ್ಟವಾಗಿ ನಮೂದಿಸುವುದು ಕಡ್ಡಾಯವಾಗಬೇಕು. ಆಧಾರ ದೊರೆಯದಿದ್ದರೆ ‘ದೊರೆತಿಲ್ಲ’ ಎಂದು ಬರೆಯುವ ಧೈರ್ಯವನ್ನು ಮಾರ್ಗದರ್ಶಕರು ವಿದ್ಯಾರ್ಥಿಗಳಿಗೆ ಕೊಡಬೇಕು. ಇವುಗಳಲ್ಲಿ ಮೂರನೆಯದೇ ಎಲ್ಲಕ್ಕಿಂತ ಕಷ್ಟದ್ದೆಂದು ತೋರುತ್ತದೆ.

ಸುಟ್ಟುಹೋದ ಗಣತಿಯ ಹಾಳೆಗಳ ನಡುವೆಯೂ ತನ್ನ ಮುತ್ತಜ್ಜಿಯ ತವರಿನ ಹೆಸರನ್ನು ಹುಡುಕುವ ಆಸ್ಟ್ರೇಲಿಯಾದ ಒಬ್ಬ ಗೃಹಿಣಿ, ಸಂಪುಟ ಮತ್ತು ಪುಟದ ಸಂಖ್ಯೆಯಿಲ್ಲದ ಮಾಹಿತಿಯನ್ನು ತನ್ನ ವಂಶವೃಕ್ಷದಲ್ಲಿ ಸೇರಿಸಿಕೊಳ್ಳಲು ಹಿಂಜರಿಯುತ್ತಾಳೆ. ನಮ್ಮ ಸಾಹಿತ್ಯಚರಿತ್ರೆಗಳಿಗೆ ಅದಕ್ಕಿಂತ ಕಡಿಮೆಯ ಪ್ರಮಾಣ ಸಾಕೆಂದು ನಾವು ಒಪ್ಪಿಕೊಳ್ಳಬಾರದು.